ಮುಯ್ಯಾಳಾಗಿ ಟ್ಯೂಬಿಂಗನ್‌ಗೆ

"ಅಂಗಾದ್ರೆ ಮುಯ್ಯಾಳು ಅನ್ನಪ್ಪ" ಅಂದರು ಅಪ್ಪ.

2023ರ ಜನವರಿ ಅದು. ನಾನು ಅಮೆರಿಕದ ಆರೆಗನ್ ರಾಜ್ಯದ ಯೂಜೀನ್ ಎಂಬ ಊರಿನಲ್ಲಿದ್ದೆ. ಅಪ್ಪ ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಫೋನಿನಲ್ಲಿದ್ದರು. ಹತ್ತು ನಿಮಿಷದಿಂದ ನಾನು ಒಂದೇ ವಿಷಯ ಬಿಡಿಸಿ ಹೇಳುತ್ತಿದ್ದೆ. ಓದುವುದು ಆರೆಗನ್ ಯೂನಿವರ್ಸಿಟಿಯಲ್ಲೇ, ಆದರೆ ಒಂದು ವರ್ಷ ಜರ್ಮನಿಯಲ್ಲಿ ಇರುತ್ತೇನೆ. ಫೀಸು ಇಲ್ಲಿಗೇ ಕಟ್ಟುವುದು, ಅಲ್ಲಿ ಕಟ್ಟುವ ಹಾಗಿಲ್ಲ. ಅಲ್ಲಿಂದ ಒಬ್ಬರು ಇಲ್ಲಿಗೆ ಬಂದು ಓದುತ್ತಾರೆ, ಅವರೂ ಇಲ್ಲಿ ಫೀಸು ಕಟ್ಟುವುದಿಲ್ಲ.

ಅಪ್ಪ ಒಂದೇ ಪದದಲ್ಲಿ ಮುಗಿಸಿದರು. "ನಮ್ಮನೆಯಿಂದ ಒಬ್ರು ಅವರ ಹೊಲಕ್ಕೆ, ಅವರ ಮನೆಯಿಂದ ಒಬ್ರು ನಮ್ಮ ಹೊಲಕ್ಕೆ. ಕೂಲಿ ಮಾತಿಲ್ಲ. ಅಷ್ಟೇ ತಾನೆ?"

ಅಷ್ಟೇ. ಪೇಟೆಯಲ್ಲಿ ಬೆಳೆದವರಿಗೆ ಈ ಪದ ಗೊತ್ತಿಲ್ಲದೆ ಇರಬಹುದು. ರಾಗಿ ಕುಯ್ಲಿನ ಹೊತ್ತಿಗೆ ಎಲ್ಲರಿಗೂ ಆಳು ಬೇಕು, ಎಲ್ಲರ ಹತ್ತಿರವೂ ದುಡ್ಡಿಲ್ಲ. ಹಾಗಾಗಿ ಇವತ್ತು ನಾವು ಪಕ್ಕದ ಮನೆಯವರ ಹೊಲದಲ್ಲಿ ಕುಯ್ದರೆ, ನಾಳಿದ್ದು ಅವರು ನಮ್ಮ ಹೊಲಕ್ಕೆ ಬರುತ್ತಾರೆ. ಯಾರೂ ಬರೆದು ಇಡುವುದಿಲ್ಲ. ಆದರೆ ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ.

ಆರೆಗನ್ ರಾಜ್ಯಕ್ಕೂ ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯಕ್ಕೂ ಇಂಥದೊಂದು ಮುಯ್ಯಾಳು ಲೆಕ್ಕ 1968ರಿಂದ ನಡೆದುಕೊಂಡು ಬಂದಿದೆ. ಆರೆಗನ್‌ನ ಸರ್ಕಾರಿ ಯೂನಿವರ್ಸಿಟಿಗಳ ಹುಡುಗ ಹುಡುಗಿಯರು ಹೈಡೆಲ್‌ಬರ್ಗ್, ಫ್ರೈಬರ್ಗ್, ಸ್ಟುಟ್‌ಗಾರ್ಟ್, ಕೊನ್‌ಸ್ಟಾನ್ಸ್, ಟ್ಯೂಬಿಂಗನ್ ಮುಂತಾದ ಕಡೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಎರಡೂ ಕಡೆಯ ಸಂಖ್ಯೆ ಹೆಚ್ಚು ಕಡಿಮೆ ಸರಿಹೋಗಬೇಕು. ಒಂದು ಕಡೆಯವರು ಬರೀ ಕಳಿಸುತ್ತಾ, ಇನ್ನೊಂದು ಕಡೆಯವರು ಬರೀ ಉಳಿಸಿಕೊಳ್ಳುತ್ತಾ ಹೋದರೆ ಈ ಏರ್ಪಾಡು ನಿಲ್ಲುವುದಿಲ್ಲ.

ನಾನು ಯೂಜೀನ್‌ನಲ್ಲಿ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುತ್ತಿದ್ದೆ. ಬೆಂಗಳೂರಿನಲ್ಲಿದ್ದಾಗ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎರಡು ವರ್ಷ ಜರ್ಮನ್ ಕಲಿತಿದ್ದೆ. ಟ್ಯೂಬಿಂಗನ್ನಿನ ಭಾಷಾವಿಜ್ಞಾನ ವಿಭಾಗಕ್ಕೆ ಒಳ್ಳೆಯ ಹೆಸರಿದೆ. ಅರ್ಜಿ ಹಾಕುವುದಕ್ಕೆ ಇಷ್ಟೇ ಕಾರಣ. ಯೂಜೀನ್‌ನಲ್ಲಿ ನಾನು ಮಾಡುತ್ತಿದ್ದ ಪಾಠ ಹೇಳುವ ಕೆಲಸ, ಅದರಿಂದ ಫೀಸಿಗೆ ಆಗುತ್ತಿದ್ದ ನೆರವು, ಆ ವರ್ಷ ಇರುವುದಿಲ್ಲ. ಫೀಸಿಗೆ ವಿಭಾಗದ ಒಂದು ಸ್ಕಾಲರ್‌ಶಿಪ್ ಸಿಗದೆ ಇದ್ದಿದ್ದರೆ ನಾನು ಹೋಗಲು ಆಗುತ್ತಲೇ ಇರಲಿಲ್ಲ. ಬಾಡನ್-ವುರ್ಟೆಂಬರ್ಗ್ ಕಡೆಯಿಂದ ಇಂಥ ವಿನಿಮಯದ ವಿದ್ಯಾರ್ಥಿಗಳಿಗೇ ಅಂತ ಇರುವ ಇನ್ನೊಂದು ಸ್ಕಾಲರ್‌ಶಿಪ್ ಕೂಡ ಸಿಕ್ಕಿತು. ಇಂಥ ದಾರಿ ಇದೆ ಅಂತ ಯಾರಾದರೂ ಹೇಳಿದರೆ ತಾನೆ ಗೊತ್ತಾಗುವುದು? ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಹಣದ ಇನ್ನೊಂದು ಲೆಕ್ಕವೂ ಇದೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಬಾಡನ್-ವುರ್ಟೆಂಬರ್ಗ್‌ನಲ್ಲಿ ಹಾಗಿಲ್ಲ. 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1500 ಯೂರೊ ಕಟ್ಟಬೇಕು. ಒಪ್ಪಂದದ ಮೇಲೆ ಬಂದವರಿಗೆ ಅದು ಇಲ್ಲ. ನಾನು ಹಾಸನದಿಂದ ನೇರವಾಗಿ ಹೋಗಿದ್ದರೆ ಕಟ್ಟಬೇಕಿತ್ತು. ಆರೆಗನ್ನಿನ ಆಳಾಗಿ ಹೋದದ್ದರಿಂದ ಕಟ್ಟಲಿಲ್ಲ.

ಆದರೆ ಪಾಸ್‌ಪೋರ್ಟ್ ಮಾತ್ರ ಆರೆಗನ್ನಿನದಲ್ಲ. ನನ್ನ ಕಷ್ಟ ಶುರುವಾದದ್ದು ಅಲ್ಲಿ.

ಆ ವರ್ಷ ನನ್ನ ಜೊತೆ ಹೊರಟವರೆಲ್ಲ ಅಮೆರಿಕದವರು. ಅವರಿಗೆ ವೀಸಾದ ಚಿಂತೆ ಇಲ್ಲ. ಸುಮ್ನೆ ವಿಮಾನ ಹತ್ತಿ ಜರ್ಮನಿಗೆ ಹೋಗಿ, ಅಲ್ಲಿ ಇಳಿದ ಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇದ್ದವರು ಹೊರಡುವ ಮೊದಲೇ ವೀಸಾ ತೆಗೆದುಕೊಂಡಿರಬೇಕು. ವಿನಿಮಯದ ಕಚೇರಿ ಕೊಟ್ಟ ಕೈಪಿಡಿಯಲ್ಲಿ ವೀಸಾದ ಬಗ್ಗೆ ಇದ್ದದ್ದು ಎರಡೇ ಸಾಲು. ಉಳಿದದ್ದನ್ನು ನಾನೇ ಹುಡುಕಿಕೊಂಡೆ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ಅಮೆರಿಕದ ಕಡೆಯ ಬಾಗಿಲು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಐದು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ವಿದ್ಯಾರ್ಥಿ ಸ್ಥಾನ ಹೋಗುವ ಅಪಾಯ ಇರುತ್ತದೆ. ಆದರೆ ಅಲ್ಲಿನ ಯೂನಿವರ್ಸಿಟಿಯ ಒಪ್ಪಿಗೆ ಪಡೆದು, ಅಲ್ಲೇ ನೋಂದಣಿ ಉಳಿಸಿಕೊಂಡು ಹೊರದೇಶದಲ್ಲಿ ಓದುತ್ತಿದ್ದರೆ ತೊಂದರೆ ಇಲ್ಲ. ಆ ಒಪ್ಪಿಗೆ ಕಾಗದದಲ್ಲಿ ಇರಬೇಕು. ವಿದೇಶಿ ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಕೊಡುವ ಐ-20 ಅನ್ನುವ ಪತ್ರದ ಮೇಲೆ ಪ್ರಯಾಣದ ಸಹಿ ಹೊಸದಾಗಿರಬೇಕು. ನಾನು ಎರಡನ್ನೂ ಮೇ ತಿಂಗಳಲ್ಲೇ ಮಾಡಿಸಿಕೊಂಡೆ. ಈ ಕಾಗದಗಳು ಜರ್ಮನ್ ವೀಸಾಕ್ಕೂ ಬೇಕಾದವು.

ಆಮೇಲೆ ಖರ್ಚಿಗೆ ದುಡ್ಡಿದೆ ಅಂತ ತೋರಿಸುವುದು. 2023ರಲ್ಲಿ ತಿಂಗಳಿಗೆ 934 ಯೂರೊ, ಅಂದರೆ ವರ್ಷಕ್ಕೆ 11,208. ಶ್ಪೆರ್‌ಕೊಂಟೊ ಅನ್ನುವ ಖಾತೆಯಲ್ಲಿ ಇದನ್ನು ಮೊದಲೇ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಇಷ್ಟಿಷ್ಟೇ ಬಿಡುಗಡೆಯಾಗುತ್ತದೆ. ಸ್ಕಾಲರ್‌ಶಿಪ್ ಪತ್ರ ಇದ್ದರೆ ಅಷ್ಟು ಮೊತ್ತ ಕಳೆದು ಉಳಿದದ್ದನ್ನು ಇಟ್ಟರೆ ಸಾಕು. ನನ್ನ ಉಳಿತಾಯ ಪೂರ್ತಿ ಅದಕ್ಕೇ ಹೋಯಿತು. ಸಾಲದೆ ಬಂದದ್ದನ್ನು ಅಕ್ಕ ಕಳಿಸಿದಳು.

ಇನ್ನು ಹೆಸರಿನ ವಿಷಯ. ಕನ್ನಡದವರು ಇದನ್ನು ದಯವಿಟ್ಟು ಗಮನ ಇಟ್ಟು ಓದಿ.

ನಮ್ಮಲ್ಲಿ ಎಷ್ಟೋ ಜನರ ಹಾಗೆ ನನ್ನ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಜಾಗ ಖಾಲಿ. ಇರುವುದು ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಆ ಒಂದು ಹೆಸರು ಸರ್‌ನೇಮ್ ಆಯಿತು. ಮೊದಲ ಹೆಸರಿನ ಜಾಗದಲ್ಲಿ 'ಎಫ್.ಎನ್.ಯು.' ಅಂತ ಬಂತು. ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಆ ಮೂರು ಅಕ್ಷರ. ಯೂನಿವರ್ಸಿಟಿಯ ದಾಖಲೆಗೂ ಅದೇ ಹೋಯಿತು. ಅಲ್ಲಿಂದ ಜರ್ಮನಿಗೂ ಹೋಯಿತು. ಟ್ಯೂಬಿಂಗನ್ನಿನಿಂದ ಬಂದ ಪ್ರವೇಶ ಪತ್ರದಲ್ಲಿ ನನ್ನ ಮೊದಲ ಹೆಸರು 'ಫ್ನು' ಅಂತ ಇತ್ತು.

ಯಾರದೂ ತಪ್ಪಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಂಬಿ ನಕಲು ಮಾಡಿದ್ದಾರೆ. ಆದರೆ ಆ ಪತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿ ಇಟ್ಟ ಹೆಸರು. ಪಾಸ್‌ಪೋರ್ಟ್‌ನಲ್ಲಿ ಒಂದು, ಪ್ರವೇಶ ಪತ್ರದಲ್ಲಿ ಇನ್ನೊಂದು. ಎರಡೂ ಒಬ್ಬನೇ ಅಂತ ಸಾಬೀತು ಮಾಡುವುದು ನನ್ನ ತಲೆಗೆ ಬಂತು. ಟ್ಯೂಬಿಂಗನ್‌ಗೆ ಬರೆದೆ. ಅಲ್ಲಿನವರು ಪಾಸ್‌ಪೋರ್ಟ್ ಪ್ರತಿ ತರಿಸಿಕೊಂಡು, ಎರಡು ವಾರದಲ್ಲಿ ಹೆಸರು ತಿದ್ದಿದ ಹೊಸ ಪತ್ರ ಕಳಿಸಿದರು. ಆ ಎರಡು ವಾರ ನನಗೆ ತುಂಬ ಉದ್ದ ಆಯಿತು. ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವವರು ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಊರಿನ ಹೆಸರೋ ಅಪ್ಪನ ಹೆಸರೋ, ಏನಾದರೂ ಇರಲಿ.

ವೀಸಾ ಸಂದರ್ಶನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆರೆಗನ್‌ನವರಿಗೆಲ್ಲ ಅದೇ ಜರ್ಮನ್ ಕಾನ್ಸುಲೇಟ್. ಯೂಜೀನ್‌ನಿಂದ ಸುಮಾರು 850 ಕಿಲೋಮೀಟರ್. ಸಂಜೆ ಕೋಸ್ಟ್ ಸ್ಟಾರ್‌ಲೈಟ್ ರೈಲು ಹತ್ತಿದರೆ ಬೆಳಿಗ್ಗೆ ಎಮರಿವಿಲ್, ಅಲ್ಲಿಂದ ಬಸ್ಸು. ರಾತ್ರಿ ಪೂರ್ತಿ ಕಾಗದದ ಕವರ್ ಎದೆಗೆ ಅವುಚಿಕೊಂಡು ಕೂತಿದ್ದೆ. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ಕಿಟಕಿಯ ಆಚೆ ಇದ್ದವರು ಆರೆಗನ್-ಬಾಡನ್-ವುರ್ಟೆಂಬರ್ಗ್ ಅಂತ ಓದಿದ ಕೂಡಲೇ ತಲೆ ಆಡಿಸಿದರು. ಆ ಹೆಸರು ಅವರಿಗೆ ಗೊತ್ತಿತ್ತು. ನನ್ನನ್ನು ಅವರು ನೋಡಿದ್ದು ಅದೇ ಮೊದಲು. ಆದರೆ ಇದೇ ದಾರಿಯಲ್ಲಿ ನನಗಿಂತ ಮುಂಚೆ ಹೋಗಿ, ಹೇಳಿದ ದಿನಕ್ಕೆ ವಾಪಸ್ಸು ಬಂದವರು ಎಷ್ಟೋ ಜನ ಇದ್ದರು. ಅವರ ಮೇಲಿನ ನಂಬಿಕೆಯಲ್ಲೇ ನನಗೂ ಒಂದು ಪಾಲು ಸಿಕ್ಕಿತು ಅಂತ ಅನಿಸಿತು. ಆಗಸ್ಟ್ ಕೊನೆಯಲ್ಲಿ ವೀಸಾ ಬಂತು.

ಅಷ್ಟರಲ್ಲಿ ಟ್ಯೂಬಿಂಗನ್ನಿನಿಂದ ಯೂಜೀನ್‌ಗೆ ಬರಲಿದ್ದ ಒಬ್ಬ ಹುಡುಗಿಯ ಪರಿಚಯವಾಗಿತ್ತು. ಪರಿಸರ ವಿಜ್ಞಾನದ ವಿದ್ಯಾರ್ಥಿನಿ. ಇಂಥವರ ಬದಲಿಗೆ ಇಂಥವರು ಅಂತ ಲೆಕ್ಕ ಏನೂ ಇಲ್ಲ. ಆದರೂ ನಾವಿಬ್ಬರೂ ಹಾಗೇ ಅಂದುಕೊಂಡೆವು. ಯೂಜೀನ್‌ನಲ್ಲಿ ಕ್ಲಾಸು ಸೆಪ್ಟೆಂಬರ್ ಕೊನೆಗೆ, ಟ್ಯೂಬಿಂಗನ್ನಿನಲ್ಲಿ ಅಕ್ಟೋಬರ್ ನಡುವೆ ಶುರು. ಹಾಗಾಗಿ ಅವಳು ಬಂದಾಗ ನಾನಿನ್ನೂ ಅಲ್ಲೇ ಇದ್ದೆ. ನನ್ನ ಸೈಕಲ್ ಅವಳಿಗೆ ಕೊಟ್ಟೆ. ನವೆಂಬರ್‌ನಲ್ಲಿ ಬಿಡದೆ ಮಳೆ ಹೊಯ್ಯುತ್ತದೆ, ಒಳ್ಳೆಯ ರೇನ್‌ಕೋಟ್ ತೆಗೆದುಕೋ ಅಂತ ಹೇಳಿದೆ. ಅವಳು ತನ್ನ ಸೈಕಲ್ಲಿನ ಬೀಗದ ಕೈ ಕೊಟ್ಟಳು. ಟ್ಯೂಬಿಂಗನ್ ಸ್ಟೇಷನ್ ಹತ್ತಿರ ನಿಂತಿದೆ, ಹಿಂದಿನ ಬ್ರೇಕ್ ಸ್ವಲ್ಪ ಸಡಿಲ ಅಂದಳು.

ಸೈಕಲ್ ಅಲ್ಲೇ ಇತ್ತು. ಬ್ರೇಕ್ ಸಡಿಲವೇ ಇತ್ತು. ಆ ಊರಿನಲ್ಲಿ ಬ್ರೇಕ್ ಇಲ್ಲದೆ ಆಗುವುದಿಲ್ಲ. ನನ್ನ ಹಾಸ್ಟೆಲ್ ಇದ್ದದ್ದು ವಾಲ್ಡ್‌ಹಾಯ್ಸರ್ ಓಸ್ಟ್ ಅನ್ನುವ ಗುಡ್ಡದ ಮೇಲೆ. ಇಳಿಯುವುದು ಸುಲಭ, ಹತ್ತುವಾಗ ಬಸ್ಸೇ ಗತಿ.

ಹೋದ ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅದಿಲ್ಲದೆ ಮುಂದಿನ ಎಷ್ಟೋ ಕೆಲಸ ಆಗುವುದಿಲ್ಲ. ಬ್ಯಾಂಕ್ ಖಾತೆ, ವಾಸದ ಪರವಾನಗಿ, ಎರಡಕ್ಕೂ ಬುಡ ಅದೇ. ಬ್ಯಾಂಕ್ ಖಾತೆ ಆಗುವವರೆಗೆ ಶ್ಪೆರ್‌ಕೊಂಟೊ ದುಡ್ಡು ಬಿಡುಗಡೆಯಾಗುವುದಿಲ್ಲ. ಆದ್ದರಿಂದ ಮೊದಲ ತಿಂಗಳಿನ ಖರ್ಚಿಗೆ ಬೇರೆ ದುಡ್ಡು ಕೈಯಲ್ಲಿ ಇರಲಿ. ಇನ್ನೊಂದು: ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಅಲ್ಲಿ ಹೆಸರಿಲ್ಲದಿದ್ದರೆ ಕಾಗದ ವಾಪಸ್ಸು. ನಾನು ನನ್ನ ಹೆಸರಿನ ಕೆಳಗೆ 'ಫ್ನು' ಅಂತಲೂ ಬರೆದು ಅಂಟಿಸಿದೆ. ವಿಮೆಯ ಕಾರ್ಡು ಆ ಹೆಸರಿಗೇ ಬಂತು.

ಕ್ಲಾಸು ಶುರುವಾದ ಮೇಲೆ ಉಸಿರು ನಿರಾಳವಾಯಿತು. ಹತ್ತು ಗಂಟೆಗೆ ಅಂತ ಇದ್ದರೆ ಪಾಠ ಹತ್ತೂಕಾಲಿಗೆ ಶುರು, ಅದು ಹಳೆಯ ಪದ್ಧತಿ. ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಅಂಕ 1.0 ಬಂದರೆ ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸು ಅಷ್ಟೇ. ಯೂಜೀನ್‌ನಲ್ಲಿ ಪ್ರತಿ ವಾರ ಏನಾದರೂ ಒಪ್ಪಿಸಬೇಕಿತ್ತು. ಇಲ್ಲಿ ಸೆಮಿಸ್ಟರ್ ಪೂರ್ತಿ ಯಾರೂ ಕೇಳುವುದಿಲ್ಲ, ಕೊನೆಗೆ ಒಂದು ಉದ್ದದ ಪ್ರಬಂಧ. ರಜೆಯಲ್ಲಿ ಕೂತು ಬರೆಯಬೇಕು. ನನಗೆ ಈ ಕ್ರಮ ಹಿಡಿಸಿತು. ಒಂದೇ ಪ್ರಶ್ನೆಯ ಜೊತೆ ಎರಡು ತಿಂಗಳು ಇರುವುದಕ್ಕೆ ಅವಕಾಶ ಅದು.

ಇನ್ನೊಂದು ವಿಷಯದಲ್ಲಿ ನಾನು ಅಮೆರಿಕದ ಗೆಳೆಯರಿಗಿಂತ ಬೇಗ ಒಗ್ಗಿಕೊಂಡೆ. ಜರ್ಮನ್ನಿನಲ್ಲಿ 'ದು' ಮತ್ತು 'ಝೀ' ಅಂತ ಎರಡು ಇವೆ, ನಮ್ಮ ನೀನು ಮತ್ತು ನೀವು ಇದ್ದ ಹಾಗೆ. ಯೂಜೀನ್‌ನಲ್ಲಿ ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕಾದಾಗ ನನ್ನ ನಾಲಿಗೆ ತಡೆಯುತ್ತಿತ್ತು. ಇಲ್ಲಿ 'ಝೀ' ಅಂದ ಕೂಡಲೇ ಮನೆಗೆ ಬಂದಂತೆ ಅನಿಸಿತು. ಕಷ್ಟ ಕೊಟ್ಟದ್ದು ಊರಿನ ಮಾತು. ಅದು ಶ್ವಾಬಿಯನ್ ಜರ್ಮನ್. ಚಿಕ್ಕದು, ಮುದ್ದಿನದು ಅನ್ನಲು ಪದದ ಕೊನೆಗೆ 'ಲೆ' ಸೇರಿಸುತ್ತಾರೆ. ಹಾಸನದವನು ಮೊದಲ ಸಲ ಧಾರವಾಡದ ಸಂತೆಗೆ ಹೋದ ಹಾಗಿತ್ತು. ಭಾಷೆ ಅದೇ, ಆದರೆ ಕಿವಿಗೆ ಸಮಯ ಬೇಕು.

ಈ ಊರಿಗೂ ನಮಗೂ ಇರುವ ನಂಟು ನನಗೆ ಹೋಗುವ ಮೊದಲು ಗೊತ್ತಿರಲಿಲ್ಲ. ಕಿಟೆಲ್ ಗೊತ್ತಿದ್ದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯ ಪಕ್ಕದಲ್ಲೇ ಎಷ್ಟು ಸಲ ಓಡಾಡಿದ್ದೇನೆ. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅವರ ನಿಘಂಟು ಅಚ್ಚಾದ ಮೇಲೆ, 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ಯೂನಿವರ್ಸಿಟಿ. 1903ರಲ್ಲಿ ಅವರು ತೀರಿಕೊಂಡದ್ದೂ ಈ ಊರಿನಲ್ಲೇ. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಅವರೂ ಟ್ಯೂಬಿಂಗನ್ನಿನಲ್ಲಿ ಓದಿದವರು. ಇದನ್ನೆಲ್ಲ ತಿಳಿದ ದಿನ ನೆಕ್ಕರ್ ಹೊಳೆಯ ಸೇತುವೆ ಮೇಲೆ ತುಂಬ ಹೊತ್ತು ನಿಂತಿದ್ದೆ. ಕೆಳಗೆ ಉದ್ದನೆಯ ಗಳು ಊರಿಕೊಂಡು ದೋಣಿ ನಡೆಸುತ್ತಿದ್ದರು. 'ಹುಟ್ಟು', 'ಹರಿಗೋಲು', 'ಅಂಬಿಗ' ಅನ್ನುವ ಪದಗಳು ಬಾಯಿಗೆ ಬಂದವು. ನೂರಿಪ್ಪತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಆ ಪದಗಳನ್ನೆಲ್ಲ ಬಲ್ಲ ಒಬ್ಬ ಮುದುಕರು ಓಡಾಡುತ್ತಿದ್ದರು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ.

ಆ ಚಳಿಗಾಲದಲ್ಲಿ ನನಗೆ ಒಬ್ಬ ಹಿರಿಯರ ಪರಿಚಯವಾಯಿತು. ನಿವೃತ್ತ ಮೇಷ್ಟ್ರು. ಆರೆಗನ್ನಿನಿಂದ ಬಂದವರನ್ನು ಪ್ರತಿ ವರ್ಷ ಮನೆಗೆ ಊಟಕ್ಕೆ ಕರೆಯುವುದು ಅವರ ರೂಢಿ. ಅವರು ಈ ವಿನಿಮಯದ ಮೊದಲ ವರ್ಷಗಳಲ್ಲೇ ಆರೆಗನ್‌ಗೆ ಹೋಗಿ ಬಂದವರು. ಅವರ ಹೆಂಡತಿ ಶ್ಪೆಟ್ಸ್‌ಲೆ ಅನ್ನುವ ಅಲ್ಲಿನ ಶಾವಿಗೆಯಂಥ ತಿನಿಸು ಮಾಡಿದ್ದರು. ನಾನು ಮಾಂಸ ತಿನ್ನುವುದಿಲ್ಲ ಅಂತ ಬೇರೆ ಪಾತ್ರೆಯಲ್ಲಿ ಚೀಸ್ ಹಾಕಿ ಇಟ್ಟಿದ್ದರು.

ಊಟ ಆದ ಮೇಲೆ ಅವರು ಒಂದು ವಿಷಯ ಹೇಳಿದರು. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ಕೈಗೆ ಸಿಕ್ಕು, ಕೈದಿಯಾಗಿ ಹಡಗಿನಲ್ಲಿ ಟೆಕ್ಸಸ್‌ಗೆ ಹೋಗಿ, ಅಲ್ಲಿ ಹತ್ತಿ ಬಿಡಿಸಿದವರು. ಮಗ ಅಮೆರಿಕಕ್ಕೆ ಓದಲು ಹೋಗುತ್ತೇನೆ ಅಂದಾಗ ತಂದೆ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೇ ದಿನ ತನ್ನದೇ ಹಳೆಯ ಪೆಟ್ಟಿಗೆ ತಂದು ಮಗನ ಮುಂದೆ ಇಟ್ಟರಂತೆ. ಮಗ ವಾಪಸ್ಸು ಬಂದ ವರ್ಷವೇ ಆರೆಗನ್ನಿನ ಒಬ್ಬ ಹುಡುಗನನ್ನು ಆ ತಂದೆ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಬಾಡಿಗೆ ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಲೈಬ್ರರಿಗೆ ಹೋಗಿ ಕಿಟೆಲ್ ನಿಘಂಟು ತೆಗೆಸಿದೆ. 'ಮುಯ್' ಹುಡುಕಿದೆ. ಇತ್ತು. ನಮ್ಮಲ್ಲಿ ಆ ಪದಕ್ಕೆ ಎರಡು ಮುಖ. ಮದುವೆ ಮನೆಯಲ್ಲಿ ಕೊಡುವುದೂ ಮುಯ್ಯಿ, ತೀರಿಸಿಕೊಳ್ಳುವ ಸೇಡೂ ಮುಯ್ಯಿ. ಪಡೆದದ್ದನ್ನು ಮರಳಿಸುವುದು, ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ. ಯುದ್ಧ ಮುಗಿದದ್ದು 1945ರಲ್ಲಿ. ವಿನಿಮಯ ಶುರುವಾದದ್ದು 1968ರಲ್ಲಿ. ನಡುವೆ ಬರೀ 23 ವರ್ಷ. ಆ ತಂದೆ ಎರಡು ಮುಯ್ಯಿಗಳಲ್ಲಿ ಒಂದನ್ನು ಆರಿಸಿಕೊಂಡಿದ್ದರು. ಪುಟದ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದರು. ಅಕ್ಷರ ಸಣ್ಣದು, ಓದಲು ಆಗಲಿಲ್ಲ, ನೀನೇ ಓದಿ ಹೇಳು ಅಂದರು. ಓದಿ ಹೇಳಿದೆ. ಆ ಮೇಷ್ಟ್ರ ತಂದೆಯ ಕಥೆಯನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಮನೆಗೆ ಇನ್ನೊಂದ್ಸಲ ಹೋದಾಗ ಬರಿಗೈಲಿ ಹೋಗಬೇಡ" ಅಂದರು.

ಬೇಸಿಗೆಯ ಸೆಮಿಸ್ಟರ್ ಬೇಗ ಕಳೆಯಿತು. ನೆಕ್ಕರ್‌ನಲ್ಲಿ ದೋಣಿ ಪಂದ್ಯ ನೋಡಿದೆ. ಅಲ್ಲಿ ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು. ಜುಲೈ ಕೊನೆಗೆ ಪಾಠ ಮುಗಿಯಿತು. ಅಂಕಗಳು ಯೂಜೀನ್‌ಗೆ ತಲುಪಿ ಅಲ್ಲಿನ ಕ್ರೆಡಿಟ್ ಆಗಿ ಬದಲಾಗುವ ಕೆಲಸ ಮಾತ್ರ ನಿಧಾನ. ಪ್ರತಿ ಕೋರ್ಸಿನ ವಿವರವನ್ನು ಓದುವ ಮೊದಲೇ ವಿಭಾಗದವರಿಂದ ಒಪ್ಪಿಸಿಕೊಂಡಿದ್ದರೆ ತಲೆನೋವಿಲ್ಲ. ನಾನು ಒಂದು ಕೋರ್ಸನ್ನು ನಡುವೆ ಬದಲಾಯಿಸಿ, ತಿಳಿಸುವುದು ಮರೆತಿದ್ದೆ. ಅದೊಂದಕ್ಕೆ ಮೂರು ತಿಂಗಳು ಓಡಾಡಬೇಕಾಯಿತು.

ಟ್ಯೂಬಿಂಗನ್ ಬಿಡುವ ಹಿಂದಿನ ದಿನ ಸೈಕಲ್ಲಿನ ಹಿಂದಿನ ಬ್ರೇಕ್ ಹೊಸದು ಹಾಕಿಸಿ, ಸ್ಟೇಷನ್ ಹತ್ತಿರ ಅದೇ ಜಾಗದಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ಆ ಹುಡುಗಿಯ ಗೆಳತಿಯ ಹತ್ತಿರ ಕೊಟ್ಟೆ.

ಸೆಪ್ಟೆಂಬರ್‌ನಲ್ಲಿ ಯೂಜೀನ್‌ಗೆ ಬಂದೆ. ನನ್ನ ಸೈಕಲ್ ಗೆಳೆಯನ ಶೆಡ್ಡಿನಲ್ಲಿತ್ತು. ಚೈನ್ ಹೊಸದು. ಹ್ಯಾಂಡಲ್‌ಗೆ ಒಂದು ಚೀಲ ತೂಗುಹಾಕಿತ್ತು. ಒಳಗೆ ಮಡಚಿಟ್ಟ ರೇನ್‌ಕೋಟ್, ಜೊತೆಗೆ ಜರ್ಮನ್ನಿನಲ್ಲಿ ಒಂದು ಚೀಟಿ: ಮುಂದೆ ಬರುವವರಿಗೆ.

ಮಾರನೇ ದಿನ ವಿನಿಮಯದ ಕಚೇರಿಯಿಂದ ಸಂದೇಶ ಬಂತು. ಬಾಡನ್-ವುರ್ಟೆಂಬರ್ಗ್‌ನಿಂದ ಈ ವರ್ಷದವರು ಬರುತ್ತಿದ್ದಾರೆ, ಸ್ಟೇಷನ್‌ಗೆ ಹೋಗಿ ಕರೆತರಲು ಯಾರಾದರೂ ಇದ್ದೀರಾ ಅಂತ. ನಾನು ಬರುತ್ತೇನೆ ಅಂತ ಬರೆದು, ರೇನ್‌ಕೋಟ್ ತೆಗೆದು ಬಾಗಿಲ ಹತ್ತಿರ ಇಟ್ಟುಕೊಂಡೆ.